ಹೇಳಿ ಮಾಡಿಸಿದ ಸ್ಟಿಕ್, ಅಂಗಡಿಯ ಸ್ಟಿಕ್

ಹಾಕಿ ಸ್ಟಿಕ್ ಆಟಗಾರರ ಕೈ ಸೇರುವುದು ಎರಡು ದಾರಿಗಳಿಂದ. ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಒಂದು ದಾರಿ. ಉದ್ದ, ತೂಕ, ಬಾಗು, ಹಿಡಿ ಎಲ್ಲವನ್ನೂ ತಯಾರಕರಿಗೆ ತಿಳಿಸಿ ಮಾಡಿಸಿಕೊಳ್ಳುವುದು ಇನ್ನೊಂದು. ದರ್ಜಿ ಹೊಲಿದ ಅಂಗಿ ಸಿದ್ಧ ಉಡುಪಿಗಿಂತ ಮೈಗೆ ಚೆನ್ನಾಗಿ ಕೂರುತ್ತದೆ; ಆದರೆ ಆ ಲೆಕ್ಕ ಸ್ಟಿಕ್ಕಿನ ವಿಷಯದಲ್ಲಿ ಹಾಗೆಯೇ ನಡೆಯುವುದಿಲ್ಲ. ದರ್ಜಿ ತಾನೇ ಅಳತೆ ತೆಗೆದುಕೊಳ್ಳುತ್ತಾನೆ. ಸ್ಟಿಕ್ ಮಾಡುವವರಿಗೆ ಅಳತೆಯನ್ನು ಆಟಗಾರರೇ ಕೊಡಬೇಕು. ತಮಗೆ ಬೇಕಾದದ್ದನ್ನು ಗ್ರಾಂ ಮತ್ತು ಮಿಲಿಮೀಟರ್‌ಗಳಲ್ಲಿ ಹೇಳಬಲ್ಲವರಿಗೆ ಮಾಡಿಸಿದ ಸ್ಟಿಕ್ ನಿಜವಾದ ಉಪಯೋಗಕ್ಕೆ ಬರುತ್ತದೆ. ಹೇಳಲಾಗದವರಿಗೆ ಅಂಗಡಿಯೇ ಒಳ್ಳೆಯ ಗುರು.

ನಿಯಮ ಹಾಕಿದ ಗೆರೆ

ಮಾಡಿಸುವುದೆಂದರೆ ಮನಸ್ಸಿಗೆ ಬಂದಂತೆ ಮಾಡಿಸುವುದಲ್ಲ. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ನಿನ ನಿಯಮಪುಸ್ತಕ ಸ್ಟಿಕ್ಕಿಗೆ ಸ್ಪಷ್ಟವಾದ ಮಿತಿಗಳನ್ನು ಹಾಕಿದೆ. ಒಟ್ಟು ತೂಕ 737 ಗ್ರಾಂ ಮೀರಬಾರದು, ಉದ್ದ 105 ಸೆಂ.ಮೀ. ದಾಟಬಾರದು. ಸುತ್ತಿದ ಪಟ್ಟಿ, ಹೊದಿಕೆಗಳೂ ಸೇರಿ ಇಡೀ ಸ್ಟಿಕ್ 51 ಮಿ.ಮೀ. ಒಳವ್ಯಾಸದ ಉಂಗುರದೊಳಗೆ ತೂರಿ ಹೋಗಬೇಕು. ನೆಟ್ಟಗಿನ ಗೆರೆಯಿಂದ ಸ್ಟಿಕ್ಕಿನ ದಂಡ ಬಾಗಿರುವ ಪ್ರಮಾಣ 25 ಮಿ.ಮೀ.ಗಿಂತ ಹೆಚ್ಚಿರಬಾರದು, ಅತಿ ಹೆಚ್ಚು ಬಾಗಿದ ಜಾಗ ತಲೆಯ ಬುಡದಿಂದ ಕನಿಷ್ಠ 200 ಮಿ.ಮೀ. ಮೇಲಿರಬೇಕು. ಲೋಹವನ್ನು ಬಳಸುವಂತಿಲ್ಲ. ಪ್ರಯೋಗಾಲಯದ ಪರೀಕ್ಷೆಯಲ್ಲಿ ಚೆಂಡಿನ ವೇಗ ಸ್ಟಿಕ್ಕಿನ ತಲೆಯ ವೇಗದ ಶೇ 98ನ್ನು ಮೀರಕೂಡದು.

ಇವೆಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿದೆ. ಸ್ಟಿಕ್ಕಿನ ಎಡಮುಖ ಮಾತ್ರ ಚಪ್ಪಟೆಯಾಗಿರಬೇಕು, ಹಿಂಬದಿ ದುಂಡಗಿರಬೇಕು. ಹೀಗಾಗಿ ಎಡಗೈಯವರಿಗೆಂದು ಕನ್ನಡಿಯ ಬಿಂಬದಂತೆ ತಿರುಗಿಸಿದ ಸ್ಟಿಕ್ ಆಟದಲ್ಲಿ ಇಲ್ಲವೇ ಇಲ್ಲ. ಕ್ರಿಕೆಟ್‌ನಲ್ಲಿ ಎಡಗೈ ಬ್ಯಾಟಿಂಗ್ ಸಹಜ; ಹಾಕಿಯಲ್ಲಿ ಎಡಗೈಯವರೂ ಎಡಗೈಯನ್ನು ಮೇಲೆ, ಬಲಗೈಯನ್ನು ಕೆಳಗೆ ಇಟ್ಟು ಅದೇ ಸ್ಟಿಕ್ ಹಿಡಿಯಬೇಕು. ಎಷ್ಟೇ ಹಣ ಕೊಟ್ಟರೂ ಈ ಒಂದು ಬದಲಾವಣೆಯನ್ನು ಮಾಡಿಸಿಕೊಳ್ಳಲಾಗದು.

ಈ ಮಿತಿಗಳು ಸುಮ್ಮನೆ ಹುಟ್ಟಿದವಲ್ಲ. ದಂಡದ ಬಾಗು ಹೆಚ್ಚಾದಷ್ಟೂ, ಅದು ತಲೆಗೆ ಹತ್ತಿರವಾದಷ್ಟೂ ಚೆಂಡನ್ನು ಸ್ಟಿಕ್ಕಿನ ಮೇಲೆ ಎಳೆದು ಕವಣೆಯಂತೆ ಬೀಸುವ ಡ್ರ್ಯಾಗ್ ಫ್ಲಿಕ್ ಸುಲಭವಾಗುತ್ತದೆ. ಹೀಗೆ ಬೀಸಿದ ಚೆಂಡು ಎದೆಮಟ್ಟದಲ್ಲಿ ನುಗ್ಗಿ ಬರುವಾಗ ಎದುರು ನಿಂತ ಡಿಫೆಂಡರುಗಳಿಗೆ ಅಪಾಯ. ಆದ್ದರಿಂದಲೇ ಬಾಗಿನ ಪ್ರಮಾಣಕ್ಕೂ ಜಾಗಕ್ಕೂ ಕಡಿವಾಣ ಬಂತು. ಮಾಡಿಸುವ ಸ್ವಾತಂತ್ರ್ಯ ಇರುವುದು ಈ ಗೆರೆಗಳ ಒಳಗಡೆ.

ಮರದ ಕಾಲ: ರಾಶಿಯಲ್ಲಿ ಆಯ್ಕೆ

ಉಪಖಂಡದಲ್ಲಿ ಹಾಕಿ ಸ್ಟಿಕ್ಕಿನ ತವರು ಸಿಯಾಲ್‌ಕೋಟ್. 1947ರ ವಿಭಜನೆಯ ಹೊತ್ತಿನಲ್ಲಿ ಅಲ್ಲಿಂದ ಹೊರಟ ಅನೇಕ ಕುಶಲಕರ್ಮಿಗಳು ಮತ್ತು ವ್ಯಾಪಾರಿಗಳು ಜಲಂಧರ್ ಮತ್ತು ಮೇರಠ್‌ನಲ್ಲಿ ನೆಲೆಯೂರಿದರು. ಭಾರತದ ಕ್ರೀಡಾ ಸಾಮಗ್ರಿಯ ಉದ್ಯಮ ಇಂದಿಗೂ ಆ ಎರಡು ಊರುಗಳ ಸುತ್ತಲೇ ಇದೆ. ಸಿಯಾಲ್‌ಕೋಟ್ ಕೂಡ ಗಡಿಯಾಚೆ ಜಗತ್ತಿಗೆ ಸ್ಟಿಕ್ ಕಳುಹಿಸುತ್ತಲೇ ಬಂದಿದೆ.

ಮರದ ಸ್ಟಿಕ್ಕಿಗೆ ಇಲ್ಲಿ ಹೆಚ್ಚು ಬಳಕೆಯಾದದ್ದು ಹಿಪ್ಪುನೇರಳೆ. ಕರ್ನಾಟಕದ ರೇಷ್ಮೆ ಸೀಮೆಯಲ್ಲಿ ಈ ಗಿಡವನ್ನು ಸೊಪ್ಪಿಗಾಗಿ ಬೆಳೆಸಿ ಮತ್ತೆ ಮತ್ತೆ ಕತ್ತರಿಸುವುದರಿಂದ ಅದು ಪೊದೆಯಾಗಿಯೇ ಉಳಿಯುತ್ತದೆ. ಪಂಜಾಬಿನ ಕಡೆ ಅದು ದೊಡ್ಡ ಮರವಾಗಿ ಬೆಳೆಯುತ್ತದೆ. ಸ್ಟಿಕ್ಕಿಗೆ ಬೇಕಾದ ದಿಮ್ಮಿ ಸಿಗುವುದು ಅಂಥ ಮರದಿಂದ. ಹಿಪ್ಪುನೇರಳೆಯ ಮರ ಗಟ್ಟಿ, ಆದರೂ ಹಬೆಯಲ್ಲಿ ಬೆಂದಾಗ ಮುರಿಯದೆ ಬಾಗುತ್ತದೆ. ಸೀಳಿದ ಮರವನ್ನು ಹಬೆಗೆ ಹಿಡಿದು, ಅಚ್ಚಿನ ಸುತ್ತ ಬಗ್ಗಿಸಿ, ಕಟ್ಟಿ ಒಣಗಿಸಿದರೆ ತಲೆಯ ಕೊಕ್ಕೆ ಸಿದ್ಧವಾಗುತ್ತದೆ. ಮೇಲಿನ ಹಿಡಿಗೆ ಬೆತ್ತ. ಬೆತ್ತದ ತುಂಡುಗಳ ನಡುವೆ ರಬ್ಬರ್ ಪಟ್ಟಿ ಸೇರಿಸಿ ಅಂಟಿಸುವುದರಿಂದ ಹೊಡೆತದ ಅದುರು ಕೈಗೆ ಏರದೆ ಅಲ್ಲೇ ತಗ್ಗುತ್ತದೆ. ಹಿಡಿಯ ತುದಿಯನ್ನು ಮೊನಚಾಗಿ ಕೊರೆದು ತಲೆಯ ಮರದೊಳಗೆ ಕೂರಿಸಿ, ದಾರ ಬಿಗಿದು, ಕೊನೆಗೆ ಅರದಿಂದ ಉಜ್ಜಿ ನಯ ಮಾಡುತ್ತಾರೆ.

ಈ ಕೆಲಸದಲ್ಲಿ ಯಾವ ಎರಡು ಸ್ಟಿಕ್ಕುಗಳೂ ಒಂದೇ ಆಗಿರುವುದಿಲ್ಲ. ಮರದ ಸಾಂದ್ರತೆ ಬೇರೆ, ಎಳೆಗಳ ಓಟ ಬೇರೆ, ಉಜ್ಜಿದ ಕೈ ಬೇರೆ. ಒಂದೇ ಹೆಸರಿನ, ಒಂದೇ ಬೆಲೆಯ ಸ್ಟಿಕ್ಕುಗಳ ರಾಶಿಯಲ್ಲಿ ಒಂದು ತೂಕವಾಗಿ, ಇನ್ನೊಂದು ಹಗುರವಾಗಿ, ಮತ್ತೊಂದು ತಲೆಭಾರವಾಗಿ ಇರುತ್ತಿತ್ತು. ಹೀಗಾಗಿ ಅಂಗಡಿಯ ರಾಶಿಯೇ ಆಟಗಾರರಿಗೆ ವೈವಿಧ್ಯವನ್ನು ಒದಗಿಸುತ್ತಿತ್ತು. ಒಂದೊಂದನ್ನೇ ಎತ್ತಿ, ಬೀಸಿ, ನೆಲಕ್ಕೆ ತಟ್ಟಿ, ಕೈಗೆ ಒಪ್ಪಿದ್ದನ್ನು ಒಯ್ಯುವುದು ರೂಢಿ. ಕಾರ್ಖಾನೆಗೆ ಹತ್ತಿರದಲ್ಲಿದ್ದವರು ಕುಶಲಕರ್ಮಿಯ ಪಕ್ಕದಲ್ಲೇ ನಿಂತು, ಹಿಡಿಯನ್ನು ಇನ್ನಷ್ಟು ತೆಳ್ಳಗೆ ಅಥವಾ ತಲೆಯನ್ನು ಇನ್ನಷ್ಟು ಗಿಡ್ಡ ಮಾಡಿಸಿಕೊಳ್ಳಬಹುದಿತ್ತು. ಮರದ ಕಾಲದಲ್ಲಿ ಅಂಗಡಿಯ ಸ್ಟಿಕ್ಕಿಗೂ ಮಾಡಿಸಿದ ಸ್ಟಿಕ್ಕಿಗೂ ನಡುವಿನ ಅಂತರ ಕೆಲವು ಸಲ ಅರದ ನಾಲ್ಕು ಎಳೆತಗಳಷ್ಟೇ ಆಗಿರುತ್ತಿತ್ತು.

ಅಚ್ಚಿನ ಕಾಲ: ಪಟ್ಟಿಯಲ್ಲಿ ಆಯ್ಕೆ

1975ರಲ್ಲಿ ಕ್ವಾಲಾಲಂಪುರದಲ್ಲಿ ಭಾರತ ವಿಶ್ವಕಪ್ ಗೆದ್ದದ್ದು ಹುಲ್ಲಿನ ಅಂಗಳದಲ್ಲಿ. ಆ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದರು. ಮರುವರ್ಷ, 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಕೃತಕ ಟರ್ಫ್ ಮೇಲೆ ನಡೆಯಿತು. ಟರ್ಫ್‌ನಲ್ಲಿ ಚೆಂಡು ಪುಟಿಯದೆ ವೇಗವಾಗಿ ಉರುಳುತ್ತದೆ. ಸ್ಟಿಕ್ಕನ್ನು ನೆಲಕ್ಕೆ ಮಲಗಿಸಿ ಚೆಂಡು ತಡೆಯುವ, ಅಂಚಿನಿಂದ ಹೊಡೆಯುವ ಕೌಶಲಗಳು ಬೆಳೆದವು. ಒರಟು ಟರ್ಫ್‌ಗೆ ಉಜ್ಜಿ ಮರ ಬೇಗ ಸವೆಯತೊಡಗಿತು. ಮೊದಲು ಮರಕ್ಕೆ ಫೈಬರ್ ಹೊದಿಕೆ ಬಂತು. ಆಮೇಲೆ ಮರವನ್ನೇ ಬಿಟ್ಟು ಕಾರ್ಬನ್ ಫೈಬರ್, ಫೈಬರ್ ಗ್ಲಾಸ್, ಅರಾಮಿಡ್ ಎಳೆಗಳಿಂದ ಮಾಡಿದ ಕಾಂಪೋಸಿಟ್ ಸ್ಟಿಕ್ ನೆಲೆನಿಂತಿತು.

ಕಾಂಪೋಸಿಟ್ ಸ್ಟಿಕ್ಕಿನ ತಯಾರಿಯೇ ಬೇರೆ. ರಾಳ ಹೀರಿಸಿದ ನಾರಿನ ಹಾಳೆಗಳನ್ನು ಅಳತೆಗೆ ಕತ್ತರಿಸಿ, ಪದರದ ಮೇಲೆ ಪದರವಾಗಿ ಸುತ್ತಿ, ಲೋಹದ ಅಚ್ಚಿನೊಳಗೆ ಇಟ್ಟು, ಒಳಗಿನಿಂದ ಒತ್ತಡ ಕೊಟ್ಟು ಕಾಯಿಸುತ್ತಾರೆ. ರಾಳ ಗಟ್ಟಿಯಾದ ಮೇಲೆ ಹೊರಬರುವ ಸ್ಟಿಕ್ಕಿನ ಆಕಾರ ಪೂರ್ತಿಯಾಗಿ ಅಚ್ಚು ಕೊಟ್ಟದ್ದು. ತಲೆಯ ಕೊಕ್ಕೆ ಎಷ್ಟು, ಬಾಗು ಎಲ್ಲಿ, ದಂಡ ಎಷ್ಟು ದಪ್ಪ ಎಂಬುದನ್ನು ಅರ ಹಿಡಿದು ಬದಲಿಸಲಾಗದು. ಹೊಸ ಆಕಾರ ಬೇಕೆಂದರೆ ಹೊಸ ಅಚ್ಚು ಕೊರೆಯಬೇಕು, ಅದರ ಖರ್ಚು ಒಬ್ಬ ಆಟಗಾರನ ಕೈಗೆ ಎಟುಕುವಂಥದ್ದಲ್ಲ.

ಆದ್ದರಿಂದ ಇಂದು ‘ಕಸ್ಟಮ್’ ಎಂದು ಮಾರಾಟವಾಗುವ ಸ್ಟಿಕ್ಕುಗಳಲ್ಲಿ ಮೂರು ಮಟ್ಟಗಳಿವೆ. ಮೊದಲನೆಯದು ಬರೀ ಹೊರನೋಟದ್ದು: ಬಣ್ಣ, ಹೆಸರು, ತಂಡದ ಲಾಂಛನ, ಗ್ರಿಪ್ಪಿನ ಬಣ್ಣ. ಇದರಿಂದ ಆಟ ಬದಲಾಗುವುದಿಲ್ಲ. ಎರಡನೆಯದರಲ್ಲಿ ಆಟಗಾರ ತಯಾರಕರ ಬಳಿ ಇರುವ ಅಚ್ಚುಗಳಲ್ಲಿ ಒಂದನ್ನು ಆರಿಸಿ, ಉದ್ದ, ತೂಕ, ನಾರಿನ ಪದರಗಳ ಜೋಡಣೆ, ಸಮತೋಲನದ ಜಾಗವನ್ನು ಹೇಳಿ ಮಾಡಿಸುತ್ತಾನೆ. ಮಾಡಿಸುವಿಕೆಯ ಸಾರ್ಥಕತೆ ಇರುವುದು ಈ ಮಟ್ಟದಲ್ಲಿ. ಮೂರನೆಯದು ಹೊಸ ಅಚ್ಚನ್ನೇ ಕೊರೆಸುವುದು. ಅದು ದೊಡ್ಡ ಕಂಪನಿಗಳ ಕೆಲಸ. ಹಣ ಕೊಡುವ ಮೊದಲು ತಾನು ಕೊಳ್ಳುತ್ತಿರುವುದು ಯಾವ ಮಟ್ಟದ್ದು ಎಂದು ಕೇಳಿ ತಿಳಿಯುವುದು ಪ್ರತಿಯೊಬ್ಬ ಗ್ರಾಹಕನ ಹಕ್ಕು.

ತಿಳಿದಿರಬೇಕಾದ ಐದು ಅಳತೆಗಳು

ಮೊದಲನೆಯದು ಉದ್ದ. ವಯಸ್ಕರ ಸ್ಟಿಕ್ಕುಗಳು ಹೆಚ್ಚಾಗಿ 36.5 ಇಂಚು ಅಥವಾ 37.5 ಇಂಚಿನಲ್ಲಿ ಸಿಗುತ್ತವೆ. ಮಕ್ಕಳದ್ದು ಅದಕ್ಕಿಂತ ಚಿಕ್ಕವು. ನೆಟ್ಟಗೆ ನಿಂತು ಸ್ಟಿಕ್ಕನ್ನು ಪಕ್ಕದಲ್ಲಿ ನಿಲ್ಲಿಸಿದಾಗ ಅದರ ತುದಿ ಸೊಂಟದ ಮೂಳೆಯ ಮಟ್ಟಕ್ಕೆ ಬರಬೇಕು ಎಂಬುದು ಸರಳ ಲೆಕ್ಕ. ಉದ್ದ ಹೆಚ್ಚಾದರೆ ಚಾಚು ಹೆಚ್ಚು, ಹೊಡೆತಕ್ಕೆ ಬಲ ಹೆಚ್ಚು. ಆದರೆ ಮೈಗೆ ಹತ್ತಿರ ಚೆಂಡನ್ನು ಆಡಿಸುವುದು ಕಷ್ಟ. ಗಿಡ್ಡವಾದರೆ ಬೆನ್ನು ಅತಿಯಾಗಿ ಬಗ್ಗಿಸಬೇಕಾಗುತ್ತದೆ.

ಎರಡನೆಯದು ತೂಕ. ನಿಯಮ 737 ಗ್ರಾಂವರೆಗೆ ಬಿಟ್ಟರೂ ಇಂದಿನ ಹೆಚ್ಚಿನ ಸ್ಟಿಕ್ಕುಗಳು 500ರಿಂದ 600 ಗ್ರಾಂ ಒಳಗಿರುತ್ತವೆ. ಹಗುರವಾದದ್ದು ಬೇಗ ತಿರುಗುತ್ತದೆ. ಭಾರವಾದದ್ದು ಎದುರು ಬಂದ ಚೆಂಡಿಗೆ ಹಿಂಜರಿಯದೆ ನಿಲ್ಲುತ್ತದೆ.

ಮೂರನೆಯದು ಸಮತೋಲನ. ಹೆಚ್ಚಿನವರು ಕೇಳದೆ ಬಿಡುವುದು ಇದನ್ನೇ, ಆದರೆ ಕೈಗೆ ಹೆಚ್ಚು ಗೊತ್ತಾಗುವುದೂ ಇದೇ. ಸ್ಟಿಕ್ಕನ್ನು ಅಡ್ಡವಾಗಿ ಒಂದು ಬೆರಳಿನ ಮೇಲೆ ನಿಲ್ಲಿಸಿ, ಅದು ಓಲದೆ ನಿಂತ ಜಾಗದಿಂದ ತಲೆಯ ಬುಡದವರೆಗಿನ ದೂರವನ್ನು ಅಳೆದರೆ ಅದೇ ಸಮತೋಲನದ ಅಂಕಿ. ಬೀಸುವಾಗ ಒಂದು ತುಣುಕು ತೂಕದ ಪ್ರಭಾವ, ಕೈಯಿಂದ ಅದು ಇರುವ ದೂರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹಾಗಾಗಿ ಎರಡೂ 540 ಗ್ರಾಂ ಇದ್ದರೂ ತಲೆಭಾರದ ಸ್ಟಿಕ್ ಬೀಸಲು ಭಾರವೆನಿಸುತ್ತದೆ, ಹಿಡಿಭಾರದ್ದು ಹಗುರವೆನಿಸುತ್ತದೆ. 540 ಗ್ರಾಂ ತೂಕದ, ಬುಡದಿಂದ 38 ಸೆಂ.ಮೀ. ಎತ್ತರದಲ್ಲಿ ಸಮತೂಗುವ ಸ್ಟಿಕ್ಕಿನ ಹಿಡಿಗೆ, ಬುಡದಿಂದ ಸುಮಾರು 80 ಸೆಂ.ಮೀ. ಎತ್ತರದಲ್ಲಿ 15 ಗ್ರಾಂ ಗ್ರಿಪ್ ಸುತ್ತಿದರೆ ಸಮತೋಲನದ ಬಿಂದು 1 ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚೇ ಮೇಲೇರುತ್ತದೆ. ಅಷ್ಟು ಸಣ್ಣ ಬದಲಾವಣೆಯನ್ನೂ ಪಳಗಿದ ಕೈ ಗುರುತಿಸುತ್ತದೆ.

ನಾಲ್ಕನೆಯದು ಬಾಗು. ಸುಮಾರು 20 ಮಿ.ಮೀ. ಬಾಗು ದಂಡದ ನಡುಭಾಗಕ್ಕೆ ಹತ್ತಿರವಿದ್ದರೆ ಅದು ಸಾಮಾನ್ಯ ಸ್ಟಿಕ್. ತಳ್ಳುವುದು, ಹೊಡೆಯುವುದು, ತಡೆಯುವುದು ಎಲ್ಲಕ್ಕೂ ಒಗ್ಗುತ್ತದೆ. ಬಾಗು 24 ಮಿ.ಮೀ. ಆಸುಪಾಸಿಗೆ ಏರಿ, ತಲೆಯಿಂದ 200–220 ಮಿ.ಮೀ.ಗೆ ಇಳಿದರೆ ಅದನ್ನು ‘ಲೋ ಬೋ’ ಎನ್ನುತ್ತಾರೆ. ಚೆಂಡನ್ನು ಎತ್ತುವುದಕ್ಕೆ, ಡ್ರ್ಯಾಗ್ ಫ್ಲಿಕ್ಕಿಗೆ ಇದು ಹೇಳಿ ಮಾಡಿಸಿದ್ದು. ಆದರೆ ನೇರ ಹೊಡೆತದಲ್ಲಿ ಚೆಂಡು ನೆಲ ಬಿಟ್ಟು ಏಳುವ ಸಂಭವ ಹೆಚ್ಚು.

ಐದನೆಯದು ಬಿರುಸು. ಕಾರ್ಬನ್ ಹೆಚ್ಚಿದ್ದಷ್ಟೂ ಸ್ಟಿಕ್ ಬಿರುಸಾಗುತ್ತದೆ, ಹೊಡೆತದ ಬಲ ಚೆಂಡಿಗೆ ಹೆಚ್ಚು ದಾಟುತ್ತದೆ. ಫೈಬರ್ ಗ್ಲಾಸ್ ಹೆಚ್ಚಿದ್ದರೆ ಸ್ಟಿಕ್ ಮೆದುವಾಗಿ, ಬಂದ ಚೆಂಡನ್ನು ಸಲೀಸಾಗಿ ಹಿಡಿದಿಡುತ್ತದೆ. ಅರಾಮಿಡ್ ಎಳೆಗಳು ಅದುರನ್ನು ತಗ್ಗಿಸುತ್ತವೆ. ಸ್ಟಿಕ್ಕಿನ ಮೇಲೆ ದೊಡ್ಡದಾಗಿ ಮುದ್ರಿಸಿದ ಕಾರ್ಬನ್ನಿನ ಶೇಕಡಾವಾರನ್ನೇ ಗುಣಮಟ್ಟದ ಅಳತೆಗೋಲು ಎಂದುಕೊಳ್ಳಬಾರದು. ನಾರಿನ ದರ್ಜೆ, ಪದರಗಳ ದಿಕ್ಕು, ರಾಳದ ಗುಣ ಇವೆಲ್ಲ ಸೇರಿ ಸ್ಟಿಕ್ಕಿನ ಸ್ವಭಾವವನ್ನು ನಿರ್ಧರಿಸುತ್ತವೆ. ಚೆಂಡು ಹಿಡಿಯುವುದನ್ನು ಇನ್ನೂ ಕಲಿಯುತ್ತಿರುವವರ ಕೈಯಲ್ಲಿ ಅತಿ ಬಿರುಸಾದ ಸ್ಟಿಕ್ ಚೆಂಡನ್ನು ಪುಟಿಸಿ ದೂರ ಮಾಡುತ್ತದೆ.

ಆಡುವ ಜಾಗಕ್ಕೆ ತಕ್ಕ ಸ್ಟಿಕ್

ಈ ಐದು ಅಳತೆಗಳು ಯಾವ ಪ್ರಮಾಣದಲ್ಲಿ ಸೇರಬೇಕೆಂಬುದನ್ನು ಆಟಗಾರ ನಿಲ್ಲುವ ಜಾಗ ತೀರ್ಮಾನಿಸುತ್ತದೆ. 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಕೊಡಗಿನ ವಿ.ಆರ್. ರಘುನಾಥ್ ಮತ್ತು ಎಸ್.ವಿ. ಸುನಿಲ್ ಇಬ್ಬರೂ ಇದ್ದರು. ರಘುನಾಥ್ ಡಿಫೆನ್ಸ್‌ನಲ್ಲಿ ನಿಂತು ಪೆನಾಲ್ಟಿ ಕಾರ್ನರ್‌ನಲ್ಲಿ ಡ್ರ್ಯಾಗ್ ಫ್ಲಿಕ್ ಮಾಡುವವರು. ಸುನಿಲ್ ಓಟದ ವೇಗದಿಂದ ಎದುರಾಳಿಯನ್ನು ಹಿಂದಿಕ್ಕುವ ಫಾರ್ವರ್ಡ್. ಒಂದೇ ಜಿಲ್ಲೆ, ಒಂದೇ ತಂಡ, ಆದರೆ ಈ ಎರಡು ಕೆಲಸಗಳು ಸ್ಟಿಕ್ಕಿನಿಂದ ಕೇಳುವುದು ಬೇರೆ ಬೇರೆ. ಚೆಂಡಿನೊಂದಿಗೆ ಓಡುವವರಿಗೆ ಬೇಗ ತಿರುಗುವ, ತಲೆ ಹಗುರವಾದ ಸ್ಟಿಕ್ ಅನುಕೂಲ. ಎದುರಿನ ಹೊಡೆತ ತಡೆದು ದೂರಕ್ಕೆ ಪಾಸ್ ಕೊಡುವ ಡಿಫೆಂಡರ್‌ಗೆ ಸ್ವಲ್ಪ ಉದ್ದ, ಸ್ವಲ್ಪ ತೂಕ ಇದ್ದದ್ದು ಒಳ್ಳೆಯದು. ಫ್ಲಿಕ್ ಮಾಡುವವರಿಗೆ ಲೋ ಬೋ ಬೇಕು. ಮಿಡ್‌ಫೀಲ್ಡರ್ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡುವುದರಿಂದ ನಡುವಿನ ಅಳತೆಯೇ ಸರಿ. ಗೋಲ್‌ಕೀಪರ್ ಸ್ಟಿಕ್ಕಿಗೆ ಚೆಂಡು ತಡೆಯಲು ಅನುಕೂಲವಾಗುವ ವಿಶೇಷ ಬಾಗು ಇರುತ್ತದೆ. ಒಳಾಂಗಣ ಹಾಕಿಯಲ್ಲಿ ಚೆಂಡನ್ನು ತಳ್ಳಬಹುದೇ ಹೊರತು ಹೊಡೆಯುವಂತಿಲ್ಲ, ಹಾಗಾಗಿ ಅಲ್ಲಿನ ಸ್ಟಿಕ್ ಹಗುರ, ತೆಳು.

ಅಂಗಡಿಯ ಬಲ

ಅಂಗಡಿಯ ದೊಡ್ಡ ಅನುಕೂಲ ಕೈಯಲ್ಲಿ ಹಿಡಿದು ನೋಡುವ ಅವಕಾಶ. ಕಾಗದದ ಮೇಲಿನ ಅಂಕಿಗಳು ಕೈಯಲ್ಲಿ ಹೇಗೆ ಭಾಸವಾಗುತ್ತವೆ ಎಂಬುದು ಹತ್ತಾರು ಸ್ಟಿಕ್ಕುಗಳನ್ನು ಬೀಸಿ ನೋಡಿದ ಮೇಲೆಯೇ ಗೊತ್ತಾಗುವುದು. ಒಪ್ಪಿದ್ದನ್ನು ಅಂದೇ ಒಯ್ಯಬಹುದು. ಮುರಿದರೆ ಅದೇ ಮಾದರಿಯ ಇನ್ನೊಂದು ಸಿಗುವ ಸಾಧ್ಯತೆ ಹೆಚ್ಚು. ತಯಾರಿಕೆಯ ದೋಷವಿದ್ದರೆ ಬದಲಿಸಿಕೊಡಲು ಕೇಳುವುದಕ್ಕೆ ಎದುರಿಗೊಬ್ಬ ವ್ಯಾಪಾರಿ ಇರುತ್ತಾನೆ.

ಕೊಳ್ಳುವಾಗ ಗಮನಿಸಬೇಕಾದವು ಕಷ್ಟದ್ದೇನಲ್ಲ. ದಂಡವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಪಕ್ಕಕ್ಕೆ ತಿರುಚಿಕೊಂಡಿದೆಯೇ ಎಂದು ನೋಡಬೇಕು. ತಲೆಯ ಚಪ್ಪಟೆ ಮುಖದ ಮೇಲೆ ಬೆರಳಾಡಿಸಿ ಉಬ್ಬು ತಗ್ಗುಗಳಿವೆಯೇ ಎಂದು ಪರೀಕ್ಷಿಸಬೇಕು. ಬಣ್ಣದ ಪದರದಲ್ಲಿ ಕೂದಲೆಳೆಯ ಬಿರುಕು ಇದ್ದರೆ ಆ ಸ್ಟಿಕ್ ಬೇಡ. ಅಡುಗೆಮನೆಯ ಚಿಕ್ಕ ತಕ್ಕಡಿಯೂ ಗ್ರಾಂ ಲೆಕ್ಕ ತೋರಿಸುತ್ತದೆ, ಬೆರಳೇ ಸಮತೋಲನ ಹೇಳುತ್ತದೆ. ಸಾಧ್ಯವಾದರೆ ಚೆಂಡನ್ನು ತಟ್ಟಿ, ಅದುರು ಮೊಣಕೈವರೆಗೆ ಏರುತ್ತದೆಯೇ ಎಂದು ನೋಡಬೇಕು.

ಬೆಳೆಯುವ ಮಕ್ಕಳಿಗೆ ಅಂಗಡಿಯ ಸ್ಟಿಕ್ಕೇ ಸರಿ. ಈ ವರ್ಷ ಸೊಂಟಕ್ಕೆ ಬಂದ ಸ್ಟಿಕ್ ಮುಂದಿನ ವರ್ಷ ಗಿಡ್ಡವಾಗುತ್ತದೆ. ಕೈಯ ಬಲ, ಆಡುವ ಜಾಗ, ಇಷ್ಟದ ಹೊಡೆತ ಎಲ್ಲವೂ ಬದಲಾಗುವ ವಯಸ್ಸು ಅದು. ಅಂಥ ಮಗುವಿಗೆ ದುಬಾರಿ ಬೆಲೆ ಕೊಟ್ಟು ಮಾಡಿಸುವ ಬದಲು ಅದೇ ಹಣದಲ್ಲಿ ಶೂ, ಶಿನ್ ಗಾರ್ಡ್, ಚೆಂಡು ಕೊಡಿಸಿದರೆ ಆಟ ಬೆಳೆಯುತ್ತದೆ.

ಅಪರೂಪಕ್ಕೆ ಆಡುವ ವಯಸ್ಕರಿಗೂ ಈ ಮಾತು ಹೊಂದುತ್ತದೆ. ಪಾಂಡಂಡ ಕುಟ್ಟಪ್ಪ ಅವರ ಮುತುವರ್ಜಿಯಿಂದ 1997ರಲ್ಲಿ ಕೊಡಗಿನ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮೊದಲ ವರ್ಷ 60 ಒಕ್ಕಗಳು (ಕುಟುಂಬಗಳು) ಆಡಿದವು. ಈಚಿನ ವರ್ಷಗಳಲ್ಲಿ ಆ ಸಂಖ್ಯೆ 300 ದಾಟಿದೆ. ಒಂದೇ ಒಕ್ಕದ ಅಜ್ಜ, ಮಗಳು, ಮೊಮ್ಮಗ ಒಂದೇ ತಂಡದಲ್ಲಿ ಇಳಿಯುವ ಹಬ್ಬವದು. ವರ್ಷಕ್ಕೊಮ್ಮೆ ಸ್ಟಿಕ್ ಹಿಡಿಯುವ ಹಿರಿಯರಿಗೆ ಬೇಕಾದದ್ದು ಕೈಗೆ ಮೆದುವಾದ, ಸರಿಯಾದ ಉದ್ದದ, ಸಾಮಾನ್ಯ ಬಾಗಿನ ಸ್ಟಿಕ್. ಅದು ಯಾವ ಒಳ್ಳೆಯ ಅಂಗಡಿಯಲ್ಲೂ ಸಿಗುತ್ತದೆ.

ಮಾಡಿಸುವುದು ಯಾರಿಗೆ, ಹೇಗೆ

ಮಾಡಿಸುವುದರಿಂದ ನಿಜವಾದ ಲಾಭವಾಗುವುದು ಮೂರು ಬಗೆಯವರಿಗೆ. ಮೊದಲನೆಯವರು, ಬೆಳವಣಿಗೆ ನಿಂತು, ಆಡುವ ಜಾಗ ಗಟ್ಟಿಯಾಗಿ, ವಾರದಲ್ಲಿ ಹೆಚ್ಚಿನ ದಿನ ಆಡುವವರು. ತಮಗೆ ಒಗ್ಗಿದ ಸ್ಟಿಕ್ಕನ್ನು ಅವರು ತೂಗಿ, ಅಳೆದು ಇಟ್ಟುಕೊಂಡಿರುತ್ತಾರೆ. ಎರಡನೆಯವರು, ಅಂಗಡಿಯ ಅಳತೆಗೆ ನಿಲುಕದ ಮೈಕಟ್ಟಿನವರು: ತುಂಬ ಎತ್ತರದವರು, ಅಂಗೈ ತೀರಾ ಚಿಕ್ಕದಿರುವವರು, ಮಣಿಕಟ್ಟಿನ ಅಥವಾ ಮೊಣಕೈಯ ನೋವಿನಿಂದ ಮೆದು ಸ್ಟಿಕ್ ಬೇಕಾದವರು. ಮೂರನೆಯವರು, ಒಂದೇ ಬಗೆಯ ಸ್ಟಿಕ್ಕುಗಳನ್ನು ಒಟ್ಟಿಗೆ ಕೊಳ್ಳುವ ಶಾಲೆ, ಕಾಲೇಜು, ಕ್ಲಬ್ಬುಗಳು. ಒಂದೆರಡು ಸ್ಟಿಕ್ಕಿಗಾಗಿ ಕೆಲಸ ನಿಲ್ಲಿಸಿ ಪದರ ಬದಲಿಸಲು ಹಿಂದೇಟು ಹಾಕುವ ತಯಾರಕರು ದೊಡ್ಡ ಬೇಡಿಕೆಗೆ ಒಪ್ಪುತ್ತಾರೆ, ಬೆಲೆಯೂ ಇಳಿಯುತ್ತದೆ.

ಮಾಡಿಸುವಾಗ ಬಾಯಿಮಾತು ಸಾಲದು, ಬರಹದಲ್ಲಿ ಕೊಡಬೇಕು. ಆ ಪಟ್ಟಿಯಲ್ಲಿ ಇರಬೇಕಾದವು ಇವು: ಉದ್ದ, ತೂಕ, ಅದು ಗ್ರಿಪ್ ಸೇರಿಯೋ ಸೇರದೆಯೋ ಎಂಬ ಸ್ಪಷ್ಟನೆ, ತಲೆಯ ಬುಡದಿಂದ ಸಮತೋಲನದ ದೂರ, ಬಾಗಿನ ಪ್ರಮಾಣ ಮತ್ತು ಜಾಗ, ತಲೆಯ ಆಕಾರ, ನಾರುಗಳ ಪ್ರಮಾಣ, ಹಿಡಿಯ ಸುತ್ತಳತೆ. ಕೈಕೆಲಸದಲ್ಲಿ ತುಸು ಹೆಚ್ಚು ಕಡಿಮೆ ಆಗುವುದು ಸಹಜ. ಹಾಗಾಗಿ ಎಷ್ಟು ಗ್ರಾಂ ವ್ಯತ್ಯಾಸವನ್ನು ಒಪ್ಪಬಹುದು, ಅದಕ್ಕಿಂತ ಹೆಚ್ಚಾದರೆ ಸ್ಟಿಕ್ಕನ್ನು ಹಿಂದಿರುಗಿಸಬಹುದೇ ಎಂಬುದನ್ನೂ ಮೊದಲೇ ಬರೆಸಿಕೊಳ್ಳಬೇಕು. ಒಬ್ಬರ ಅಳತೆಗೆ ಮಾಡಿದ್ದನ್ನು ಇನ್ನೊಬ್ಬರಿಗೆ ಮಾರುವುದು ಕಷ್ಟವಾದ್ದರಿಂದ ಮಾಡಿಸಿದ ಸ್ಟಿಕ್ಕನ್ನು ವಾಪಸು ಪಡೆಯಲು ತಯಾರಕರು ಸಾಮಾನ್ಯವಾಗಿ ಒಪ್ಪುವುದಿಲ್ಲ. ನಿಯಮಕ್ಕೆ ಹೊಂದುವ ಸ್ಟಿಕ್ ಎಂಬ ಖಾತರಿ ಅವರಿಂದಲೇ ಬರಬೇಕು. ಟೂರ್ನಿಯಲ್ಲಿ ಬಾಗು ಹೆಚ್ಚಾಗಿ ಕಂಡರೆ ಆ ಸ್ಟಿಕ್ ಅಂಗಳಕ್ಕೆ ಇಳಿಯುವುದಿಲ್ಲ.

ಮಾಡಿಸುವವರು ಒಂದರ ಬದಲು ಎರಡನ್ನು ಒಟ್ಟಿಗೆ ಮಾಡಿಸುವುದು ಜಾಣತನ. ಪಂದ್ಯದ ನಡುವೆ ಒಂದು ಮುರಿದರೆ ಅದೇ ತೂಕ, ಅದೇ ಸಮತೋಲನದ ಇನ್ನೊಂದು ಬೇಕೇ ಬೇಕು. ಬೇರೆ ಸ್ವಭಾವದ ಸ್ಟಿಕ್ ಹಿಡಿದು ಪಂದ್ಯದ ಕೊನೆಯ ಹತ್ತು ನಿಮಿಷ ಆಡುವುದು ಅನುಭವಿಗಳಿಗೂ ಕಷ್ಟ. ತಯಾರಿಗೆ ವಾರಗಟ್ಟಲೆ ಹಿಡಿಯುವುದರಿಂದ ಟೂರ್ನಿ ಹತ್ತಿರ ಬಂದಾಗ ಮಾಡಿಸಲು ಹೊರಡಬಾರದು. ಹೊಸ ಸ್ಟಿಕ್ ಕೈಗೆ ಪಳಗಲೂ ಸಮಯ ಬೇಕು.

ನಡುವಿನ ದಾರಿ

ಈ ಎರಡು ದಾರಿಗಳ ನಡುವೆ ಮೂರನೆಯದೊಂದಿದೆ, ಹೆಚ್ಚಿನವರಿಗೆ ಅದೇ ಸಾಕಾಗುತ್ತದೆ. ಉದ್ದ, ಬಾಗು, ಬಿರುಸು ಸರಿಯಿರುವ ಸ್ಟಿಕ್ಕನ್ನು ಅಂಗಡಿಯಲ್ಲಿ ಕೊಂಡು, ಉಳಿದದ್ದನ್ನು ಮನೆಯಲ್ಲೇ ಹೊಂದಿಸಿಕೊಳ್ಳುವುದು ಆ ದಾರಿ. ಹಿಡಿ ತೆಳುವೆನಿಸಿದರೆ ಒಂದು ಗ್ರಿಪ್ಪಿನ ಮೇಲೆ ಇನ್ನೊಂದನ್ನು ಸುತ್ತಬಹುದು. ದಪ್ಪವೆನಿಸಿದರೆ ಮೂಲ ಗ್ರಿಪ್ ಬಿಚ್ಚಿ ತೆಳುವಾದದ್ದನ್ನು ಹಾಕಬಹುದು. ಮಳೆ ಬೀಳುವ ಊರಿನಲ್ಲಿ ಒದ್ದೆಯಾದರೂ ಜಾರದ ಗ್ರಿಪ್ ಆರಿಸಿಕೊಳ್ಳಬಹುದು. ತಲೆಭಾರವೆನಿಸುವ ಸ್ಟಿಕ್ಕಿನ ಹಿಡಿಗೆ ಭಾರದ ಗ್ರಿಪ್ ಸುತ್ತಿದರೆ ಸಮತೋಲನ ಕೈಯ ಕಡೆಗೆ ಸರಿಯುತ್ತದೆ. ತಲೆಯ ಅಂಚು ಸವೆಯದಂತೆ ಪಟ್ಟಿ ಅಂಟಿಸುವುದಾದರೆ 51 ಮಿ.ಮೀ. ಉಂಗುರದ ನಿಯಮವನ್ನು ಮರೆಯಬಾರದು. ಕಾಂಪೋಸಿಟ್ ಸ್ಟಿಕ್ಕಿನ ತುದಿ ಕೊಯ್ದು ಗಿಡ್ಡ ಮಾಡುವ ಕೆಲಸಕ್ಕೆ ಮಾತ್ರ ಕೈ ಹಾಕದಿರುವುದು ಮೇಲು. ಹಿಡಿಯ ತೂಕ ಹೋಗಿ ಸ್ಟಿಕ್ ತಲೆಭಾರವಾಗುತ್ತದೆ, ತಯಾರಕರ ಖಾತರಿಯೂ ಅಲ್ಲಿಗೆ ಮುಗಿಯುತ್ತದೆ.

ಹೀಗೆ ಹೊಂದಿಸಿಕೊಂಡ ಪ್ರತಿ ಸ್ಟಿಕ್ಕಿನ ಉದ್ದ, ತೂಕ, ಸಮತೋಲನ, ಬಾಗುಗಳನ್ನು ಬರೆದಿಟ್ಟು, ಅದು ಆಟದಲ್ಲಿ ಹೇಗೆ ನಡೆದುಕೊಂಡಿತೆಂದು ಪಕ್ಕದಲ್ಲಿ ಗುರುತು ಹಾಕುತ್ತಾ ಹೋದರೆ, ನಾಲ್ಕೈದು ಸ್ಟಿಕ್ ಬದಲಾಗುವಷ್ಟರಲ್ಲಿ ಆಟಗಾರರ ಸ್ವಂತ ಅಳತೆ ತಾನಾಗಿ ಸಿದ್ಧವಾಗುತ್ತದೆ. ಆ ಅಳತೆಯ ಸ್ಟಿಕ್ ಯಾವುದೋ ಅಂಗಡಿಯ ಸಾಲಿನಲ್ಲೇ ಸಿಕ್ಕಿದರೆ ಮಾಡಿಸುವ ಅಗತ್ಯವಿಲ್ಲ. ಸಿಗದಿದ್ದರೆ, ತಯಾರಕರ ಬಳಿ ಹೋಗಲು ಅದು ಸರಿಯಾದ ಸಮಯ.